ಹುಳದ ಡಾಕ್ಟ್ರು

ಶಿಡ್ಲಘಟ್ಟದ ಜನ ಕಹಕಶಾನ್‌ಳನ್ನು ‘ಹುಳದ ಡಾಕ್ಟ್ರು’ ಎಂದು ಕರೆಯುತ್ತಿದ್ದುದು ಗೌರವಕ್ಕಲ್ಲ. ಊರ ಬಾಯಿಗೆ ಬೀಗ ಹಾಕುವವರು ಯಾರು? ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ., ಆಮೇಲೆ ಜೀವಕೋಶ ವಿಜ್ಞಾನದಲ್ಲಿ ಎಂ.ಎಸ್ಸಿ., ಇಷ್ಟೆಲ್ಲ ಓದಿ ಕೊನೆಗೆ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಚಿಟ್ಟೆ ಅರೆಯುವ ಕೆಲಸ ಹಿಡಿದಳಲ್ಲ ಎಂದು ಅವರಿಗೆ ನಗು.

ಆದರೆ ಅವಳ ಓದು ಶುರುವಾದದ್ದೇ ಹುಳದಿಂದ. ಅಬ್ಬಾ ಷರೀಫ್ ಮನೆ ಹಿಂದೆಯೇ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ತೊಟ್ಟಿಯಲ್ಲಿ ಉಳಿದ ಬೆಂದ ಹುಳುಗಳನ್ನು ಈ ಹುಡುಗಿ ಅಮ್ಮಿಯ ಹೊಲಿಗೆ ಸೂಜಿಯಿಂದ ಸೀಳಿ ಒಳಗೇನಿದೆಯೆಂದು ನೋಡುತ್ತಿದ್ದಳು. ಬೈಗುಳ ತಿಂದಳೇ ಹೊರತು ಸೂಜಿ ಬಿಡಲಿಲ್ಲ. ಕಾಲೇಜಿನಲ್ಲಿ ಅಂಗರಚನೆಯ ಮೊದಲ ಪ್ರಾಕ್ಟಿಕಲ್ ದಿನ ಉಳಿದವರು ಮೂಗು ಮುಚ್ಚಿಕೊಂಡು ಹೊರಗೋಡಿದರೆ, ಇವಳಿಗೆ ಮನೆಯ ನೆನಪಾಯಿತಂತೆ. ಇಂಥವಳನ್ನು ಮೆಚ್ಚದೆ ಇರುವುದು ಹೇಗೆ?

ಅವಳ ಕೆಲಸವೂ ಸಣ್ಣದಲ್ಲ. ಮೊಟ್ಟೆಯಿಟ್ಟ ತಾಯಿಚಿಟ್ಟೆಗಳನ್ನು ಅರೆದು, ಆ ರಸದ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಗಂಟುರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ; ಅಂಥ ಮೊಟ್ಟೆ ಒಯ್ದ ರೈತರ ಬೆಳೆ ಮಣ್ಣುಪಾಲು. ಹಾಗಾಗಿ ಕಹಕಶಾನ್ ‘ಸರಿ’ ಎನ್ನದೆ ಮೊಟ್ಟೆ ಹೊರಗೆ ಹೋಗುವಂತಿಲ್ಲ.

ಆ ಸೋಮವಾರ ರೈತ ಹೆಂಗಸು ಚಿಕ್ಕವೆಂಕಟಮ್ಮ ಅರಿಸಿನ, ಕುಂಕುಮ, ಹೂವಿನ ತಟ್ಟೆ ಹಿಡಿದು ಬಾಗಿಲಲ್ಲಿ ಕೂತಿದ್ದಳು. ಮೊಟ್ಟೆಗೆ ಪೂಜೆ ಮಾಡದೆ ಮನೆಗೆ ಒಯ್ಯುವವಳಲ್ಲ. ಅವಳ ಹಿಂದೆ ಇನ್ನೂ ಹಲವರು. ಒಳಗೆ ಗಾಜಿನ ಮೇಲೆ ಕೊಬ್ಬಿನ ಗುಳ್ಳೆಗಳ ನಡುವೆ ಅಕ್ಕಿನುಚ್ಚಿನಂಥ ಮಿನುಗುವ ಕಾಳುಗಳು ಕಂಡವು, ಗಂಟುರೋಗದ ಗುರುತು. ಕಹಕಶಾನ್ ಬೇರೆ ಚಿಟ್ಟೆಗಳನ್ನು ಅರೆದು ನೋಡಿದಳು. ಅಲ್ಲೂ ಅವೇ.

“ಅಣ್ಣ, ಈ ಸಲದ ಮೊಟ್ಟೆ ಎಲ್ಲಾ ಸುಡಬೇಕು,” ಎಂದಳು ಮಾಲೀಕ ಚೆನ್ನರಾಯಪ್ಪನಿಗೆ.

“ಏನಮ್ಮಾ ಹಿಂಗಂತೀಯ! ಎಲ್ಲೋ ಒಂದೆರಡು ಕಂಡಿರ್ತವೆ. ಜನ ಬಾಗಿಲಲ್ಲಿ ಕೂತವ್ರೆ, ನನ್ನ ಮಾನ ಏನಾಗ್ಬೇಕು? ಸರಿ ಅಂದ್ಬಿಡು.”

ಊರೆಲ್ಲ ನಕ್ಕಾಗ ನಗದೆ ಕೆಲಸ ಕೊಟ್ಟ ಮನುಷ್ಯ. ಅವನಿಗೆ ಎದುರಾಡಿದರೆ ಆ ಕೆಲಸವೂ ಹೋದೀತು. ಆದರೆ ಆ ಕೇಂದ್ರದಲ್ಲಿ ಅವನ ತಂದೆಯ ಕಾಲದ ಕಟ್ಟಳೆಯೊಂದಿತ್ತು: ಪ್ರತಿ ಸಲವೂ ಮೊಟ್ಟೆಯಿಟ್ಟ ಕಾಗದದ ಮೊದಲ ಹಾಳೆ ಮಾಲೀಕನ ಮನೆಗೇ ಸಾಕಲು ಹೋಗಬೇಕು. ಕಹಕಶಾನ್ ಮೇಲಿನ ಹಾಳೆ ತೆಗೆದು ಅವನ ಮುಂದೆ ಹಿಡಿದಳು.

“ಸರಿ ಅಂತೀನಿ ಅಣ್ಣ. ಮೊದಲು ಇದನ್ನ ನಿಮ್ಮನೇಗೆ ತಗೊಂಡೋಗಿ.”

ಚೆನ್ನರಾಯಪ್ಪ ಕೈ ಚಾಚಿದ. ಚಾಚಿದ ಕೈ ಅಲ್ಲೇ ನಿಂತಿತು. ಆಮೇಲೆ ಹೊರಗೆ ಹೋಗಿ ಕಾದಿದ್ದವರಿಗೆಲ್ಲ ಕೈಮುಗಿದು, ಹಿತ್ತಲಲ್ಲಿ ತಾನೇ ಮೊಟ್ಟೆಗಳಿಗೆ ಬೆಂಕಿ ಹಾಕಿದ.

“ಅಯ್ಯೋ ದೇವುಡಾ, ಪೂಜೆ ಹೂವು ವಾಪಸ್ ಒಯ್ಯೋ ಗತಿ ಬಂತಲ್ಲ! ಡಾಕ್ಟ್ರಂತೆ, ಡಾಕ್ಟ್ರು!” ಎಂದು ಗೊಣಗುತ್ತ ಚಿಕ್ಕವೆಂಕಟಮ್ಮ ಎದ್ದುಹೋದಳು. ಒಳಗಿದ್ದ ಕಹಕಶಾನ್‌ಗೆ ಅದು ಕೇಳಿಸಿತು, ನೋವೂ ಆಯಿತು.

ಮುಂದಿನ ಸಲಕ್ಕೆ ಚಿಕ್ಕವೆಂಕಟಮ್ಮ ಎಲ್ಲರಿಗಿಂತ ಮೊದಲೇ ಬಂದಳು. ಬೇರೆಲ್ಲಿಂದಲೋ ಮೊಟ್ಟೆ ತಂದಿದ್ದ ನೆರೆಮನೆಯವರ ಹುಳುಗಳು ಗಂಟುರೋಗಕ್ಕೆ ಸತ್ತು, ಬುಟ್ಟಿಗಟ್ಟಲೆ ತಿಪ್ಪೆಗೆ ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಚೆನ್ನರಾಯಪ್ಪ ಹಾಳೆ ಕೊಡಲು ಬಂದರೆ ಮುಟ್ಟಲಿಲ್ಲ.

“ಇರಪ್ಪ. ಡಾಕ್ಟ್ರಮ್ಮ ನೋಡಿದ್ರಾ?”

“ನೋಡಿದೀನಮ್ಮ, ಚೆನ್ನಾಗಿದೆ,” ಎಂದಳು ಕಹಕಶಾನ್.

ಚಿಕ್ಕವೆಂಕಟಮ್ಮ ಒಳಗೆ ಬಂದು, ಮೊಟ್ಟೆಗೆಂದು ತಂದ ಹೂವಿನಲ್ಲಿ ಅರ್ಧ ಹರಿದು ಮೈಕ್ರೋಸ್ಕೋಪಿನ ಕುತ್ತಿಗೆಗೆ ಸುತ್ತಿದಳು.