ಧ್ವನಿ ತೆಗೆದ ಮಗ್ಗಿ

ಮೊನ್ನೆ ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತ ನಿಂತಿದ್ದಾಗ ಕೆಳಗಿನ ಮನೆಯ ಕಿಟಕಿಯಿಂದ ನನ್ನ ಗಂಡನ ಧ್ವನಿ ಕೇಳಿಸಿತು. ಅವರು ತೀರಿಕೊಂಡ ಮೇಲೆ ಇದು ಎರಡನೆಯ ಬೇಸಿಗೆ. ಹೆದರಬೇಡಿ, ದೆವ್ವದ ಕತೆಯಲ್ಲ. ಕೆಳಗಿನ ಮನೆಯ ಸೊಸೆ ಪ್ರಣಾಲಿ ಸರಕಾರಿ ಇಂಜಿನಿಯರ್ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದಾಳೆ. ಮೊಬೈಲಿನಲ್ಲಿ ಇವರ ಹಳೆಯ ಪಾಠದ ವಿಡಿಯೊ ಹಚ್ಚಿಕೊಂಡು ಅಡುಗೆ ಮಾಡುತ್ತಿದ್ದಳು. ಭಾರ ಬಿದ್ದರೆ ತೊಲೆ ಎಷ್ಟು ಬಾಗುತ್ತದೆ ಎಂದು ಇವರು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ನಾನು ಕೈಯಲ್ಲಿದ್ದ ಟವೆಲ್ಲು ಹಿಂಡುವುದನ್ನೇ ಮರೆತೆ.

ಇವರು ಇಲ್ಲಿ ನಾಗಪುರದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪ್ರಾಧ್ಯಾಪಕರಾಗಿದ್ದರು. ನಿವೃತ್ತಿಗೆ ಮುಂಚೆ ಕಾಲೇಜಿನವರು ಇವರ ಪಾಠಗಳನ್ನೆಲ್ಲ ಚಿತ್ರೀಕರಿಸಿ, ಯಾರು ಬೇಕಾದರೂ ಪುಕ್ಕಟೆ ನೋಡಲಿ ಎಂದು ಇಂಟರ್ನೆಟ್ಟಿಗೆ ಹಾಕಿದರು. ನಾನಂತೂ ಧರಮಪೇಠದ ತರಕಾರಿಯವನಿಗೂ ಸುದ್ದಿ ಹೇಳಿ ಬಂದೆ. ಆದರೆ ಮೊದಲ ದಿನವೇ ನನಗೆ ಮುಖಭಂಗ. ನಾನು ಆರಿಸಿ ಇಸ್ತ್ರಿ ಮಾಡಿದ್ದ ಸಣ್ಣ ಚೌಕಳಿಯ ಶರ್ಟು ಕ್ಯಾಮೆರಾದಲ್ಲಿ ಕುಣಿದಂತೆ ಕಾಣುತ್ತದಂತೆ, ಕ್ಯಾಮೆರಾದವನು ಬೇಡವೆಂದ. ಮುಂದೆ ಎಲ್ಲ ಪಾಠಕ್ಕೂ ಒಂದೇ ಬೂದುಬಣ್ಣದ ಶರ್ಟು. ಸದ್ದಾಗುತ್ತದೆಂದು ಫ್ಯಾನೂ ಬಂದ್. ನಾಗಪುರದ ಮೇ ತಿಂಗಳಲ್ಲಿ ಫ್ಯಾನಿಲ್ಲದೆ ಪಾಠ ಮಾಡಿ ಮನೆಗೆ ಬಂದರೆ ಇವರನ್ನೇ ಹಿಂಡಿ ಒಣಹಾಕುವ ಹಾಗಿರುತ್ತಿತ್ತು.

ಒಂದು ಸಂಜೆ ಸಿಟ್ಟು ಮಾಡಿಕೊಂಡು ಬಂದರು. ಹಲಗೆಯ ಮೇಲೆ ಗುಣಾಕಾರ ಮಾಡುವಾಗ ಇವರ ಬಾಯಿಂದ ಕನ್ನಡದ ಮಗ್ಗಿ ಹೊರಬೀಳುತ್ತಿತ್ತಂತೆ. "ಸರ್, ಯೇ ಮಂತ್ರ್ ಮತ್ ಬೋಲಿಯೆ" ಎಂದನಂತೆ ಕ್ಯಾಮೆರಾದವನು, ಈ ಮಂತ್ರ ಹೇಳಬೇಡಿ ಎಂದು.

"ಇಂಗ್ಲಿಷ್‌ನ್ಯಾಗ ಎಣಸ್ರಲ್ಲ," ಎಂದೆ ನಾನು.

"ಮಗ್ಗಿ ನನಗ ಸಾಲಿ ಮಾಸ್ತರು ಕಲಿಸಿದ್ದು. ಕನ್ನಡದಾಗ ಅಂದ್ರನ ಬರೋಬರ್ ಬರತೈತಿ. ತಪ್ಪು ಲೆಕ್ಕಾ ದೇಶಕ್ಕೆಲ್ಲಾ ಹಂಚಲೇನು?"

"ಹಂಚ್ರಿ, ಹೆಂಗೂ ಪುಕ್ಕಟೆ."

ಸಿಟ್ಟೆಲ್ಲ ಇಳಿದು ನಕ್ಕುಬಿಟ್ಟರು.

ಆ ಮಗ್ಗಿ ನನಗೇನು ಹೊಸದೆ? ಬಜಾಜ್ ನಗರದ ಈ ಮನೆಯಲ್ಲಿ ಕಿಟಕಿಯ ಪರದೆ ಅಳೆಯುವಾಗಲೂ ಉತ್ತರಪತ್ರಿಕೆ ತಿದ್ದುವಾಗಲೂ ಅದೇ ಗೊಣಗಾಟ. ಮನಸ್ಸಿನಲ್ಲಿ ಎಣಿಸಿ ಎಂದು ನಾನು ಗದರುತ್ತಿದ್ದೆ. ಮನೆಯಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಮಗಳ ಬಾಯಲ್ಲಿ ಮರಾಠಿಯೇ ನಿಂತಿತು. ಈಗ ಕೆಲವು ದಿನ ನನ್ನ ಬಾಯಿಂದ ಒಂದು ಕನ್ನಡ ಮಾತೂ ಹೊರಡುವುದಿಲ್ಲ. ಅವರ ಕನ್ನಡದ ಧ್ವನಿಯೂ ಎಲ್ಲೂ ಉಳಿದಿಲ್ಲ. ಉಪ್ಪಿಟ್ಟಿಗೆ ಉಪ್ಪು ಸಾಲದು ಎನ್ನುವುದನ್ನು ಯಾರು ಚಿತ್ರೀಕರಿಸುತ್ತಾರೆ? ಊರಿಗೆಲ್ಲ ಸಿಗುವ ಮನುಷ್ಯ ನನಗೆ ಬೇಕಾದ ಮಾತಿನಲ್ಲಿ ಸಿಗುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಮೊನ್ನೆ, ಪಾಠದಲ್ಲಾದರೂ ಆ ಮಗ್ಗಿ ಉಳಿದಿರಬಹುದೆಂಬ ಆಸೆ ತಡೆಯಲಾಗದೆ ಕೆಳಗಿಳಿದು ಹೋದೆ. ಗುಣಾಕಾರ ಬರುವ ಜಾಗ ಹುಡುಕಿಕೊಡೆಂದು ಪ್ರಣಾಲಿಗೆ ಮರಾಠಿಯಲ್ಲಿ ಕೇಳಿದೆ. ಸಿಕ್ಕಿತು. ಬೂದು ಶರ್ಟು, ಹಲಗೆಯತ್ತ ಅರ್ಧ ತಿರುಗಿದ ಮುಖ, ಅಲುಗುವ ತುಟಿ. ಧ್ವನಿ ಮಾತ್ರ ಇಲ್ಲ.

"ಕಾಕೂ, ಇಥೆ ಆವಾಜಚ್ ನಾಹಿ," ಎಂದಳು. ಇನ್ನೊಂದು ಪಾಠ ತೆರೆದಳು. ಅಲ್ಲೂ ಅಷ್ಟೇ. ಮಗ್ಗಿ ಬಂದ ಕಡೆಯೆಲ್ಲ ಧ್ವನಿ ತೆಗೆದುಹಾಕಿದ್ದರು. ನನಗೆ ಅಳುವೇ ಬಂತು.

ಸರ್ ಏನು ಹೇಳುತ್ತಿದ್ದಾರೆ ಎಂದು ಕೇಳಿದಳು ಪ್ರಣಾಲಿ. ಪಾಠವನ್ನು ತುಸು ಹಿಂದಕ್ಕೆ ತಂದು ಮತ್ತೆ ಹಚ್ಚಿದಳು. ಹಲಗೆಯ ಮೇಲೆ ನಲವತ್ತೆಂಟು, ಅದರ ಕೆಳಗೆ ಏಳು. ಅವರ ತುಟಿ ಅಲುಗಿತು.

"ಏಳೆಂಟ್ಲೆ ಐವತ್ತಾರು," ಎಂದೆ ಜೋರಾಗಿ. "ಆರು ಬರೀರಿ, ಕೈಯಾಗ ಐದು."

ಅವರು ಆರು ಬರೆದರು.

"ಏಳ್ನಾಕ್ಲೆ ಇಪ್ಪತ್ತೆಂಟು. ಐದು ಕೂಡಿದ್ರ ಮೂವತ್ಮೂರು."

ಸೀಮೆಸುಣ್ಣ ಒಂದು ಗಳಿಗೆ ನಿಂತಿತು. ನನ್ನ ಮಾತು ಮುಗಿದ ಮೇಲೆ ಅವರು ಮೂವತ್ತಮೂರು ಬರೆದು, ನಮ್ಮ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಪಾಠ ಮುಂದುವರಿಸಿದರು.

"ಇನ್ನೊಂದು ಹುಡುಕವ್ವಾ," ಎಂದೆ ಪ್ರಣಾಲಿಗೆ, ಕನ್ನಡದಲ್ಲೇ.

ಅವಳು ಹುಡುಕತೊಡಗಿದಳು.