ಆರಾಮ ಎಂದವರ ಮೊಣಕಾಲು

ನಮ್ಮ ಕಡೆ ಯಾರಾದರೂ "ಆರಾಮ ಅದೀರೇನ್ರಿ?" ಎಂದರೆ ಜ್ವರ ಬಂದು ಮಲಗಿದವರೂ "ಆರಾಮ್ರಿ" ಎನ್ನುತ್ತಾರೆ. ಈ ಒಂದು ಮಾತು ನಮ್ಮ ಮನೆಗೆ ಮಾಡಿದ ಹಾನಿಯನ್ನು ಯಾವ ವೈರಿಯೂ ಮಾಡಿಲ್ಲ.

ನಮ್ಮ ಮನೆಯವರು ಸೈನ್ಯದಲ್ಲಿದ್ದಾಗ ಹಿಮದ ಇಳಿಜಾರಿನಲ್ಲಿ ಬಿದ್ದು ಬಲ ಮೊಣಕಾಲು ಕೆಡಿಸಿಕೊಂಡರು. ನಿವೃತ್ತಿಗೆ ಮುಂಚಿನ ಕೊನೆಯ ತಪಾಸಣೆಯಲ್ಲಿ ಡಾಕ್ಟರು "ಕೋಯಿ ತಕಲೀಫ್?", ಏನಾದರೂ ತೊಂದರೆ ಇದೆಯೇ, ಎಂದು ಕೇಳಿದರಂತೆ. ಈ ಪುಣ್ಯಾತ್ಮರು "ನಹೀ ಸಾಬ್" ಎಂದು ಸಹಿ ಹಾಕಿ ತುಕ್ಕಾನಟ್ಟಿಗೆ ಬಂದುಬಿಟ್ಟರು. ಪಿಂಚಣಿ ಬಂತು, ಅಂಗವೈಕಲ್ಯದ ಪಾಲು ಬರಲಿಲ್ಲ.

ಬೆಲ್ಲದ ಬಾಗೇವಾಡಿಯ ನನ್ನ ತವರಿನಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂಡಲಾಗದೆ ಇವರು ತಾಟು ಹಿಡಿದು ಗೋಡೆಗೆ ಒರಗಿ ನಿಂತು ಉಂಡರು. "ಮಿಲ್ಟ್ರಿಯವ್ರಿಗೆ ಭಾಳ ಸೊಕ್ಕು, ನೆಲಕ್ಕ ಕುಂಡ್ರೂದಿಲ್ಲ" ಎಂದು ಯಾರೋ ಆಡಿಕೊಂಡರು. ನನ್ನ ಮೈ ಉರಿಯಿತು. ಈ ಕಾಲು ಕೆಟ್ಟದ್ದು ದೇಶದ ಕೆಲಸದಲ್ಲಿ ಎಂದು ಸರ್ಕಾರದ ಕಾಗದದಲ್ಲೇ ಬರೆಸುತ್ತೇನೆ ಎಂದು ಅಂದೇ ಹಟ ಹಿಡಿದೆ.

ಗೋಕಾಕಿನಲ್ಲಿ ಎಕ್ಸ್‌ರೇ ತೆಗೆಸಿದೆವು, ಎಲುಬಿನ ಹಳೆಯ ಮುರಿತ ಅದರಲ್ಲಿ ಎದ್ದು ಕಂಡಿತು. ಹುಕ್ಕೇರಿಯಲ್ಲಿ ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುವ ಒಬ್ಬ ನಿವೃತ್ತ ಹವಾಲ್ದಾರರು ಮೇಲ್ಮನವಿ ಬರೆದುಕೊಟ್ಟರು. ಎರಡು ವರ್ಷ ಅಲೆದಾಡಿದ ಮೇಲೆ ವೈದ್ಯಕೀಯ ಮಂಡಳಿಯಿಂದ ಕರೆ ಬಂತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಪಾಠ ಹೇಳಿದೆ: "ನೋವು ಐತಿ ಅನ್ರಿ. ಮೆಟ್ಟಲಾ ಹತ್ತಾಕ ಬರೂದಿಲ್ಲ ಅನ್ರಿ."

"ಗೊತ್ತೈತಿ ಬಿಡ. ನನಗ ಸಾಲಿ ಕಲಸಬ್ಯಾಡ."

ನಮ್ಮ ಗ್ರಹಚಾರಕ್ಕೆ ಮಂಡಳಿಯ ಡಾಕ್ಟರು ನಮ್ಮ ಕಡೆಯವರೇ. "ಏನ್ ಕಾಕಾ, ಆರಾಮ ಅದೀರೇನ್ರಿ?" ಎಂದರು.

"ಆರಾಮ್ರಿ ಸಾಹೇಬ್ರ."

ಬಾಗಿಲಲ್ಲಿ ನಿಂತಿದ್ದ ನಾನು ತಲೆ ಚಚ್ಚಿಕೊಂಡೆ. ಕುಕ್ಕುರುಗಾಲಲ್ಲಿ ಕೂಡಲು ಹೇಳಿದಾಗ, ಮನೆಯಲ್ಲಿ ಎಮ್ಮೆ ಹಿಂಡಲು ಸ್ಟೂಲು ಬೇಕೆನ್ನುವ ಇವರು ಉಸಿರು ಬಿಗಿಹಿಡಿದು ಕೂತೇಬಿಟ್ಟರು! ಎದ್ದಾಗ ಹಣೆಯೆಲ್ಲ ಬೆವರು. ಹೊರಗೆ ಬಂದ ಮೇಲೆ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. "ಅಷ್ಟ ದೊಡ್ಡ ಸಾಹೇಬ್ರು ಕಾಕಾ ಅಂತ ಮಾತಾಡಿಸ್ಯಾರ. ಅವ್ರ ಮುಂದ ಅಳಕೋತ ಕುಂಡ್ರಲೇನ?" ಎಂದರು.

ತಿಂಗಳ ಮೇಲೆ ಉತ್ತರ ಬಂತು: ಓಡಾಟಕ್ಕೆ ಅಡ್ಡಿಯಿಲ್ಲ, ಮನವಿ ತಿರಸ್ಕೃತ. ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಇವರ ಮೇಲೆ ಎಷ್ಟು ಸಿಟ್ಟು ಬಂತೋ ಮಂಡಳಿಯ ಮೇಲೂ ಅಷ್ಟೇ ಬಂತು. ಎಕ್ಸ್‌ರೇ ಅವರ ಕೈಯಲ್ಲೇ ಇತ್ತಲ್ಲ! ಮುರಿದ ಎಲುಬಿಗಿಂತ ಬಾಯಿಮಾತು ಹೆಚ್ಚಾಯಿತೇ?

ಹೋದ ವಾರ ಎರಡನೇ ಮೇಲ್ಮನವಿಗೆಂದು ಮತ್ತೆ ಹುಕ್ಕೇರಿಗೆ ಹೋದೆವು. ಹವಾಲ್ದಾರರು ಕೂಡುವುದು ಮಹಡಿಯ ಮೇಲೆ. ಇವರ ಅರ್ಧ ಭಾರವನ್ನು ನನ್ನ ಹೆಗಲ ಮೇಲೆ ಹಾಕಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿಸಿದೆ. ನನ್ನ ಸೊಂಟ ಹಿಡಿದುಕೊಂಡಿತ್ತು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹವಾಲ್ದಾರರು ತಲೆ ಎತ್ತಿ, "ಬರ್ರಿ ಅಕ್ಕಾರ, ಆರಾಮ ಅದೀರೇನ್ರಿ?" ಎಂದರು.

"ಆರಾಮ್ರಿ" ಎಂದೆ.

ಹೆಗಲ ಮೇಲಿದ್ದ ಇವರ ಕೈ ನಗುವಿಗೆ ಅಲುಗಾಡತೊಡಗಿತು.