ಅಡೆಗಲ್ಲೂ ಅರ್ಧ ಕಂಬಳಿಯೂ

ಹೋದ ಭಾನುವಾರ ಬೆಳಿಗ್ಗೆ ಗ್ಯಾಸಿನವನು ನಮ್ಮ ಬಾಗಿಲಿಗೆ ಸಿಲಿಂಡರ್ ತಂದು ಇಳಿಸಿದ. ಇಳಿಸಿದ ಎನ್ನುವುದು ಮರ್ಯಾದೆಯ ಮಾತು. ಆಟೋದಿಂದ ಅದು ಸಿಮೆಂಟಿನ ಮೇಲೆ ಬಿದ್ದು ಠಣ್ಣೆಂದು ಕೂಗಿದ್ದು ಹೊಳಲ್ಕೆರೆಯ ಅರ್ಧ ಊರಿಗೆ ಕೇಳಿಸಿರಬೇಕು. ನಾನು ಕಾಫಿ ಲೋಟ ಕೆಳಗಿಟ್ಟು, ತಲೆ ಓರೆ ಮಾಡಿ, ಆ ದನಿ ಎಷ್ಟು ಹೊತ್ತಿಗೆ ಅಡಗುತ್ತದೆಂದು ಕೇಳುತ್ತಾ ನಿಂತುಬಿಟ್ಟೆ. ನನ್ನ ಹೆಂಡತಿ ಸರೋಜಳಿಗೆ ಈ ಓರೆ ತಲೆಯ ಕಾಯಿಲೆ ಒಂದು ವರ್ಷದಿಂದ ಗೊತ್ತು.

"ಮೆಟ್ಟಿಲ ಕೆಳಗೆ ಗೋಣಿಚೀಲದಾಗೆ ತಂದಿಟ್ಟೀರಲ್ಲ, ಅದನ್ನ ಬಡಿಯಾದು ಯಾವಾಗ?" ಎಂದಳು.

ಗೋಣಿಚೀಲದಲ್ಲಿದ್ದದ್ದು ಒಂದು ಅಡೆಗಲ್ಲು. ಕಮ್ಮಾರರು ಕಾದ ಕಬ್ಬಿಣವನ್ನು ಮೇಲಿಟ್ಟು ಬಡಿಯುತ್ತಾರಲ್ಲ, ಅದೇ. ತಂದು ಬಹಳ ದಿನವಾಗಿದ್ದರೂ ಅದನ್ನು ಕೊರಡಿನ ಮೇಲೆ ಕೂರಿಸಿ ಒಂದು ಏಟು ಹಾಕುವ ಧೈರ್ಯ ನನಗೆ ಬಂದಿರಲಿಲ್ಲ. ಕಬ್ಬಿಣಕ್ಕೆ ಹೆದರುವ ಗಂಡಸೇ ಎಂದು ಈಗಲೇ ನಗಬೇಡಿ. ಪೂರ್ತಿ ಕೇಳಿದ ಮೇಲೆ ಬೇಕಾದರೆ ನಗುವಿರಂತೆ.

ನನ್ನದು ಕನ್ನಡಕದ ಅಂಗಡಿ. ಎಳ್ಳಿಗಿಂತ ಸಣ್ಣ ಸ್ಕ್ರೂಗಳನ್ನು ತಿರುಗಿಸುವುದು, ಅವು ಕೈಜಾರಿದರೆ ಗಿರಾಕಿಯ ಕಾಲ ಬಳಿ ಬಗ್ಗಿ ಹುಡುಕುವುದು, ಇದರಲ್ಲೇ ಆಯುಷ್ಯ ಕಳೆಯಿತು. ಐವತ್ತು ದಾಟಿದ ಮೇಲೆ ಏನಾದರೊಂದು ದೊಡ್ಡದನ್ನು ಜೋರಾಗಿ ಬಡಿಯಬೇಕೆಂಬ ಆಸೆ ಹುಟ್ಟಿತು. ಫೋನಿನಲ್ಲಿ ಯಾರೋ ಒಬ್ಬ ಮನೆಯ ಹಿಂದೆಯೇ ಚಾಕು ಮಾಡುವುದನ್ನು ನೋಡಿದೆ. ನಾನೂ ಹಿತ್ತಲಲ್ಲಿ ನಾಲ್ಕು ಇಟ್ಟಿಗೆ ಜೋಡಿಸಿ, ಇದ್ದಿಲು ಸುರಿದು, ಸರೋಜಳ ಕೂದಲು ಒಣಗಿಸುವ ಯಂತ್ರದಿಂದ ಗಾಳಿ ಕೊಟ್ಟು, ಲಾರಿಯ ಮುರಿದ ಕಮಾನು ಪಟ್ಟಿಯೊಂದನ್ನು ಕಾಯಿಸಿದೆ. ಬಡಿಯಲು ಕೆಳಗಿಟ್ಟುಕೊಂಡದ್ದು ಒಂದು ಗುಂಡುಕಲ್ಲು. ಕಲ್ಲು ಚೂರಾಯಿತು, ಚಾಕು ಸೊಟ್ಟ ಪಟ್ಟಿಯಾಯಿತು. ಅದನ್ನು ಈಗ ಸರೋಜ ದೋಸೆ ಎಬ್ಬಲು ಇಟ್ಟುಕೊಂಡಿದ್ದಾಳೆ. ದೋಸೆ ಚೆನ್ನಾಗಿಯೇ ಏಳುತ್ತದೆ.

ಹೀಗೆ ಅಡೆಗಲ್ಲು ಬೇಕಾಯಿತು. ಹೊಸದರ ಬೆಲೆ ನೋಡಿ ಫೋನನ್ನು ಬೋರಲು ಹಾಕಿದೆ. ರೈಲು ಕಂಬಿಯ ತುಂಡೊಂದು ಸಾಕು ಎಂದು ಯಾರೋ ಹೇಳಿದರು. ಚಿಕ್ಕಜಾಜೂರಿನ ರೈಲ್ವೆಯಲ್ಲಿರುವ ಗಿರಾಕಿಯೊಬ್ಬರನ್ನು ಕೇಳಿದೆ. ಅವರು ನಾನೇ ಕೊಟ್ಟ ಕನ್ನಡಕದ ಮೇಲಿಂದ ನನ್ನನ್ನು ನೋಡಿದ ನೋಟಕ್ಕೆ ಆ ಆಸೆ ಅಲ್ಲೇ ಅಡಗಿತು. ಉಳಿದದ್ದು ಹಳೆಯ ಮಾಲು. ಹಳೆಯ ಅಡೆಗಲ್ಲಿಗೆ ಎರಡು ಪರೀಕ್ಷೆಗಳಿವೆಯಂತೆ. ಬೇರಿಂಗಿನ ಗುಂಡನ್ನು ಮೇಲಿಂದ ಬಿಟ್ಟರೆ ಅದು ಪುಟಿದು ಕೈಗೆ ಬರಬೇಕು. ಸುತ್ತಿಗೆಯಲ್ಲಿ ತಟ್ಟಿದರೆ ಗಂಟೆಯ ಹಾಗೆ ಕೂಗಬೇಕು. ಬೀಡು ಕಬ್ಬಿಣವಾದರೆ ಥಪ್ಪೆಂದು ಸುಮ್ಮನಾಗುತ್ತದೆ, ಅಂಥದ್ದನ್ನು ಕೊಳ್ಳಬಾರದು.

ಇಷ್ಟೇ ಆಗಿದ್ದರೆ ನನ್ನ ಹುಡುಕಾಟ ಒಂದು ವಾರದಲ್ಲಿ ಮುಗಿಯುತ್ತಿತ್ತು. ಆದರೆ ನನ್ನ ಕಿವಿಯಲ್ಲಿ ಬೇರೊಂದು ಅಡೆಗಲ್ಲು ಮೊದಲೇ ಬಂದು ಕೂತಿತ್ತು.

ಐಮಂಗಲದ ಆಸುಪಾಸಿನ ಒಂದು ಹಟ್ಟಿ ನಮ್ಮದು. ನಾವು ಕುರಿಯವರು. ಮಳೆಗಾಲ ಕಳೆದದ್ದೇ ಅಪ್ಪ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಅವನ ಮುಖ ಕಾಣುತ್ತಿರಲಿಲ್ಲ. ಮನೆಯಲ್ಲಿ ಅವ್ವ ಮತ್ತು ನಾನು. ಓಣಿಯ ಆಚೆ ಬದಿಗೆ ಈರಣ್ಣಾಚಾರರ ಕುಲುಮೆ. ಹೆದ್ದಾರಿಯಲ್ಲಿ ಲಾರಿಗಳು ಮುರಿದುಕೊಂಡ ಕಮಾನು ಪಟ್ಟಿಗಳೆಲ್ಲ ಕೊನೆಗೆ ಅವರ ಬಾಗಿಲಿಗೇ ಬರುತ್ತಿದ್ದವು. ಅವು ಅಲ್ಲಿ ಕುಡುಗೋಲು, ಮಚ್ಚು ಮತ್ತು ನಮ್ಮ ಕುರಿಗಳ ಉಣ್ಣೆ ಕತ್ತರಿಸುವ ಕತ್ತರಿ ಆಗಿ ಹೊರಬೀಳುತ್ತಿದ್ದವು. ಇಕ್ಕಳ ಹಿಡಿದು ಕೂರುತ್ತಿದ್ದವರು ಆಚಾರರು, ನಿಂತು ಸಮ್ಮಟಿಗೆ ಎತ್ತಿ ಹೊಡೆಯುತ್ತಿದ್ದವಳು ಅವರ ಹೆಂಡತಿ ಕಾಳಮ್ಮ. ನನಗೆ ಅವಳು ಕಾಳಮ್ಮತ್ತೆ. ಕಿಡಿ ಹಾರುತ್ತದೆಂದು ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. ಹೀಗಾಗಿ ಆ ಅಡೆಗಲ್ಲನ್ನು ನಾನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಅದರ ಸೊಂಟಕ್ಕೆ ಮಸಿ ಹಿಡಿದ ಏನೋ ಸುತ್ತಿದ್ದ ನೆನಪು. ಕೊರಡಿನ ತೊಗಟೆ ಎಂದುಕೊಂಡಿದ್ದೆ.

ಅದರ ದನಿಯನ್ನು ನಿಮಗೆ ಹೇಗೆ ಕೇಳಿಸಲಿ? ಅದು ಠಣ್ ಅಲ್ಲ, ಥಪ್ಪೂ ಅಲ್ಲ. ಪಕ್ಕದ ಮನೆಯಲ್ಲಿ ಒರಳು ಕುಟ್ಟಿದ ಹಾಗೆ ದುಮ್ ಎಂದು ಶುರುವಾಗಿ, ಕೊನೆಗೆ ಎಳೆಯಷ್ಟು ಕಬ್ಬಿಣದ ಇಂಪು ಉಳಿಯುತ್ತಿತ್ತು. ಮಧ್ಯಾಹ್ನ ಅವ್ವ ಕಾಲು ಚಾಚಿ ಕೂತು ಕದಿರಿನಲ್ಲಿ ಉಣ್ಣೆ ನೂಲುವಳು. ನಾನು ಅವಳ ತೊಡೆಗೆ ತಲೆ ಕೊಟ್ಟು ಮಲಗಿದರೆ ನಾಲ್ಕು ದುಮ್ ಕೇಳುವಷ್ಟರಲ್ಲಿ ನಿದ್ದೆ. ಆಮೇಲೆ ಎಷ್ಟೋ ಊರುಗಳಲ್ಲಿ, ಎಷ್ಟೋ ಮೆತ್ತನೆಯ ಹಾಸಿಗೆಯ ಮೇಲೆ ಮಲಗಿದ್ದೇನೆ. ಅಂಥ ನಿದ್ದೆ ಮತ್ತೆ ಬಂದಿಲ್ಲ.

ಅವ್ವ ತೀರಿಕೊಂಡು ಬಹಳ ವರ್ಷವಾಯಿತು. ಅವಳದೆಂದು ನನ್ನ ಬಳಿ ಉಳಿದಿರುವುದು ಅರ್ಧ ಕಂಬಳಿ ಮಾತ್ರ. ಅರ್ಧ ಎಂದರೆ ಹರಿದದ್ದಲ್ಲ. ನಮ್ಮ ಹಟ್ಟಿಯ ಮಗ್ಗ ಕಿರಿದು. ಎರಡು ಪಟ್ಟಿ ನೇಯ್ದು, ನಡುವೆ ಹೊಲಿದು ಒಂದು ಕಂಬಳಿ ಮಾಡುತ್ತಿದ್ದರು. ಅವ್ವನ ಕಂಬಳಿಗೆ ಮಾತ್ರ ಹೊಲಿಗೆ ಬಿಚ್ಚಿ ಒಂದೇ ಪಟ್ಟಿ ಉಳಿದಿತ್ತು. ಇನ್ನೊಂದು ಎಲ್ಲಿ ಎಂದು ಕೇಳಿದರೆ, "ಅದು ದುಡಿಯಾಕೆ ಹೋಗೈತೆ" ಎಂದು ನಗುತ್ತಿದ್ದಳು. ಅವಳ ತಮಾಷೆಗಳೇ ಹಾಗೆ, ನಾನು ಹೆಚ್ಚು ಕೆದಕಲಿಲ್ಲ.

ಈಗ ಹುಡುಕಾಟಕ್ಕೆ ಬರೋಣ. ಚಿತ್ರದುರ್ಗದ ಗುಜರಿಯ ಬಾಷಾ ಸಾಬರ ಅಂಗಳದಲ್ಲಿ ಮೂಲೆ ಮುರಿದ ಅಡೆಗಲ್ಲೊಂದು ಬಿದ್ದಿತ್ತು. ಮೂಲೆ ಮುರಿದದ್ದರಿಂದ ಬೆಲೆಯೂ ನನ್ನ ಕೈಗೆಟುಕುವಷ್ಟೇ. ಬೇರಿಂಗಿನ ಗುಂಡು ಬಿಟ್ಟರೆ ಸೊಗಸಾಗಿ ಪುಟಿಯುತ್ತಿತ್ತು. ಆದರೆ ತಟ್ಟಿದರೆ ಶಾಲೆಯ ಗಂಟೆ. ಹೋದಾಗಲೆಲ್ಲ ತಟ್ಟುವುದು, ತಲೆ ಓರೆ ಮಾಡುವುದು, ಬೇಡವೆಂದು ಬರುವುದು. ಬಾಷಾ ಸಾಬರು ತಾಳ್ಮೆಯವರು. ಕೊನೆಗೊಮ್ಮೆ, "ಸಾರ್, ಎಲ್ರೂ ದನಿ ಬರೋ ಮಾಲ್ ಕೇಳ್ತಾರೆ. ನೀವೊಬ್ರೇ ಬರದೇ ಇರೋದು ಕೇಳೋದು" ಎಂದರು. ನನ್ನ ತಲೆ ನೆಟ್ಟಗಿಲ್ಲವೆಂದು ಇದಕ್ಕಿಂತ ಮರ್ಯಾದೆಯಾಗಿ ಹೇಳಲು ಸಾಧ್ಯವಿಲ್ಲ.

ಹಿರಿಯೂರಿನಲ್ಲಿ ಸಿಕ್ಕಿದ್ದು ಬೀಡು. ಅದು ಥಪ್ಪೆಂದಿತು, ನನ್ನ ದುಮ್ ಅದರಲ್ಲೂ ಇರಲಿಲ್ಲ. ಆಮೇಲೆ ಹೊಸದುರ್ಗದ ಕಡೆಯ ಗಿರಾಕಿಯೊಬ್ಬರು ಮಾಡದಕೆರೆಯಲ್ಲಿ ಒಂದಿದೆ ಎಂದರು. ಹೋದೆ. ವೆಲ್ಡಿಂಗ್ ಅಂಗಡಿಯವನೊಬ್ಬ ಅದರ ಮೇಲೆ ಚಹಾದ ಲೋಟ ಇಟ್ಟುಕೊಂಡಿದ್ದ. ಬಹಳ ಹಳೆಯದು, ಮನೆಯಲ್ಲೇ ಇದ್ದದ್ದು, ಈಗ ತನಗೆ ಉಪಯೋಗವಿಲ್ಲ, ಕೊಟ್ಟಷ್ಟು ಕೊಡಿ ಎಂದ. ಲೋಟ ಎತ್ತಿ ತಟ್ಟಿದೆ. ಠಣ್. ಇದರ ದನಿ ಸರಿಯಿಲ್ಲಪ್ಪ ಎಂದು ಹೇಳಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಹೊಳೆಯಿತು. ಊರೂರು ಅಲೆದು ಬೇರೆಯವರ ಕಬ್ಬಿಣ ಬಡಿಯುವ ಬದಲು ಈರಣ್ಣಾಚಾರರ ಅಡೆಗಲ್ಲೇ ಎಲ್ಲಿದೆಯೆಂದು ಯಾಕೆ ಕೇಳಬಾರದು? ಆಚಾರರು ಇಲ್ಲವೆಂದು ಗೊತ್ತಿತ್ತು. ಕಾಳಮ್ಮತ್ತೆ ಚಿಕ್ಕಜಾಜೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಊರಿನವರು ತಿಳಿಸಿದರು. ಬಾಳೆಹಣ್ಣು ತೆಗೆದುಕೊಂಡು ಹೋದೆ. ಸಮ್ಮಟಿಗೆ ಎತ್ತುತ್ತಿದ್ದ ಆ ತೋಳು ಒಣಗಿ ಕಡ್ಡಿಯಾಗಿತ್ತು. ಕೆಂಚಮ್ಮನ ಮಗ ಎಂದು ಗುರುತು ಹೇಳಿದ ಮೇಲೆ ನನ್ನ ಗಲ್ಲ, ಕಿವಿ, ಬೋಳುತಲೆ ಎಲ್ಲವನ್ನೂ ಕೈಯಲ್ಲೇ ತಡವಿ ನೋಡಿ, ಕುಂತ್ಕೋ ಎಂದಳು.

ಅಡೆಗಲ್ಲಿನ ವಿಷಯ ತೆಗೆದೆ. "ಅದನ್ನ ನಮ್ಮ ಮೈದುನನ ಮಗ ಮಾಡದಕೆರೆಗೆ ಹೊತ್ಕೊಂಡೋದ. ಅವ್ನೂ ಈಗ ವೆಲ್ಡಿಂಗ್ ಅಂಗಡಿ ಇಟ್ಟವ್ನಂತೆ" ಎಂದಳು.

ಅದನ್ನು ತಟ್ಟಿ ನೋಡಿ ಬೇಡವೆಂದು ಬಂದೆ, ಅದಕ್ಕೆ ಆ ದನಿಯೇ ಇಲ್ಲ ಎಂದೆ. ಕಾಳಮ್ಮತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಎಲ್ಲಿಂದ ಬರ್ತೈತಪ್ಪ? ಅದರ ಕೆಳಗೆ ನಿಮ್ಮವ್ವನ ಕಂಬಳಿ ಇತ್ತು. ಅದು ಸವೆದು ಪುಡಿಯಾಗಿ ಹೋಯ್ತಲ್ಲ."

ಆಮೇಲೆ ನಿಧಾನಕ್ಕೆ ಹೇಳಿದಳು. ನನಗಾಗ ಎರಡು ವರ್ಷವೂ ತುಂಬಿರಲಿಲ್ಲವಂತೆ. ಮೈತುಂಬ ದಡಾರ ಎದ್ದಿತ್ತು. ಅಪ್ಪ ಕುರಿಗಳ ಜೊತೆ ಎಲ್ಲೋ ದೂರ. ಎದುರಿನ ಕುಲುಮೆಯಲ್ಲಿ ಒಂದೊಂದು ಏಟು ಬಿದ್ದಾಗಲೂ ನಾನು ಬೆಚ್ಚಿ ಎದ್ದು ಚೀರುತ್ತಿದ್ದೆನಂತೆ. ಅದು ಬಿತ್ತನೆಗೆ ಮುಂಚಿನ ದಿನಗಳು, ಆಚಾರರಿಗೆ ಕೈತುಂಬ ಕೆಲಸ. ಕೆಲಸ ನಿಲ್ಲಿಸಿ ಎಂದು ಕೇಳುವ ಬಾಯಿ ಅವ್ವನಿಗಿರಲಿಲ್ಲ. ರಾತ್ರಿ ಹೊದೆಯುವ ಕಂಬಳಿಯ ಹೊಲಿಗೆ ಬಿಚ್ಚಿ, ಒಂದು ಪಟ್ಟಿ ಹಿಡಿದು ಓಣಿ ದಾಟಿ ಬಂದಳಂತೆ. ಇದನ್ನು ಅಡಿಗೆ ಹಾಕಿ ನೋಡ್ರಿ ಎಂದಳಂತೆ. ಆಚಾರರು ಅಡೆಗಲ್ಲನ್ನು ಎತ್ತಿ, ಕಂಬಳಿ ಮಡಿಸಿ ಕೆಳಗೆ ಹಾಸಿ, ಉಳಿದದ್ದನ್ನು ಸೊಂಟಕ್ಕೆ ಸುತ್ತಿ ಹಗ್ಗ ಕಟ್ಟಿದರು. ಅಂದು ಮಧ್ಯಾಹ್ನ ನಾನು ಮಲಗಿದೆ.

"ನೀನು ಎದ್ದು ಓಡಾಡಿದ ಮ್ಯಾಲೆ ಇವ್ರು ತೆಗೀತೀನಿ ಅಂದ್ರು. ನಿಮ್ಮವ್ವ ಬ್ಯಾಡ ಅಂದ್ಲು. ಇರ್ಲಿ ಬಿಡ್ರಿ ಆಚಾರ್ರೇ, ಈಗ ಅದನ್ನ ಕೇಳ್ದೆ ಅವ್ನು ಮಲಗಾದಿಲ್ಲ ಅಂದ್ಲು."

ವಾಪಸು ಬರುವಾಗ ನನಗೆ ಒಂದೇ ಯೋಚನೆ. ಒಂದು ಪಟ್ಟಿಯ ಅಗಲಕ್ಕೆ ಇಬ್ಬರು ಹಿಡಿಯುವುದಿಲ್ಲ. ಆಮೇಲಿನ ಚಳಿಗಾಲಗಳಲ್ಲಿ ಅದನ್ನು ಹೊದ್ದವನು ನಾನೇ ಇರಬೇಕು. ಅವ್ವ ಏನು ಹೊದೆಯುತ್ತಿದ್ದಳು ಎಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಕೇಳೋಣವೆಂದರೆ ಅವಳಿಲ್ಲ. ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಅತ್ತುಬಿಟ್ಟೆ.

ಮಾಡದಕೆರೆಗೆ ಓಡಿದೆ. ಅಡೆಗಲ್ಲು ಆಗಲೇ ಹೊಸದುರ್ಗದ ಕಡೆಯವರ ಪಾಲಾಗಿತ್ತು. ಯಾರೆಂದು ಅಂಗಡಿಯವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಅಂದುಕೊಂಡೆ, ನನಗೆ ಬೇಕಾದ ದನಿ ಆ ಕಬ್ಬಿಣದ್ದೇ ಅಲ್ಲವಲ್ಲ. ಅಲ್ಲಿಂದ ನೆಟ್ಟಗೆ ಬಾಷಾ ಸಾಬರ ಅಂಗಳಕ್ಕೆ ಹೋಗಿ, ಮೂಲೆ ಮುರಿದದ್ದನ್ನು ತಟ್ಟಿಯೂ ನೋಡದೆ ಕೊಂಡೆ. ಅವರು ಗಾಬರಿಯಾದರು.

ಅದೇ ಈ ಗೋಣಿಚೀಲದಲ್ಲಿರುವುದು. ಈಗ ಹೇಳಿ, ನನ್ನ ಹೆದರಿಕೆಯಲ್ಲಿ ತಪ್ಪೇನಿದೆ? ಉಳಿದರ್ಧ ಕಂಬಳಿ ಹಾಕಿ ಹೊಡೆದಾಗಲೂ ಆ ದನಿ ಬರದಿದ್ದರೆ ಇನ್ನು ಹುಡುಕಲು ನನಗೆ ಯಾವ ಊರೂ ಉಳಿದಿರಲಿಲ್ಲ.

ಗ್ಯಾಸಿನವನು ಹೋದ ಮೇಲೆ ಸರೋಜ ಬಿಡಲಿಲ್ಲ, ತಾನೇ ಗೋಣಿಚೀಲದ ಒಂದು ಮೂಲೆ ಹಿಡಿದಳು. ಹಿತ್ತಲಲ್ಲಿ ಹೂತಿಟ್ಟಿದ್ದ ಜಾಲಿ ಕೊರಡಿನ ಮೇಲೆ ಅವ್ವನ ಕಂಬಳಿ ಮಡಿಸಿ ಹಾಸಿದೆ. ಇಷ್ಟು ವರ್ಷವಾದರೂ ಅದಕ್ಕೆ ಕುರಿಯ ವಾಸನೆ ಹೋಗಿರಲಿಲ್ಲ. ಅಡೆಗಲ್ಲು ಕೂರಿಸಿ, ಉಳಿದದ್ದನ್ನು ಸುತ್ತಿ ಕಟ್ಟಿದೆ. ಕಣ್ಣುಮುಚ್ಚಿ ಸುತ್ತಿಗೆ ಇಳಿಸಿದೆ.

ಠಣ್ ಹೋಗಿತ್ತು. ಆದರೆ ಬಂದದ್ದು ನನ್ನ ದುಮ್ ಅಲ್ಲ. ಇನ್ನೊಂದು ಹೊಡೆದೆ, ಮತ್ತೊಂದು ಹೊಡೆದೆ. ದನಿ ಹತ್ತಿರ ಹತ್ತಿರ ಬಂದು ನಿಂತುಬಿಡುತ್ತಿತ್ತು. ಕೈ ಸೋತು ಸುತ್ತಿಗೆ ಕೆಳಗಿಟ್ಟಾಗ ತಿಳಿಯಿತು. ಆ ದನಿಯನ್ನು ನಾನು ಯಾವತ್ತೂ ನಿಂತು ಕೇಳಿದವನಲ್ಲ, ಹೊಡೆದು ಕೇಳಿದವನೂ ಅಲ್ಲ.

ಸುತ್ತಿಗೆಯನ್ನು ಸರೋಜಳ ಕೈಗೆ ಕೊಟ್ಟೆ. ನೀನು ಹೊಡಿ, ನಾನು ಒಳಗೆ ಮಲಗ್ತೀನಿ ಎಂದೆ. ಅವಳು ನನ್ನ ಮುಖ ನೋಡಿದಳು, ಹಾಸ್ಯ ಮಾಡಲಿಲ್ಲ. ನಾನು ನಡುಮನೆಗೆ ಬಂದು ಬರಿ ನೆಲದ ಮೇಲೆ ಮಗ್ಗುಲಾದೆ.

ಮೊದಲ ಏಟು ಅಂಜುತ್ತಂಜುತ್ತ ಬಿತ್ತು. ಎರಡನೆಯದು ಬಿದ್ದಾಗ ಓಣಿ ದಾಟಿ ಬಂತು. ದುಮ್. ಕೊನೆಗೆ ಅದೇ ಎಳೆಯಷ್ಟು ಇಂಪು.

ಸ್ವಲ್ಪ ಹೊತ್ತಿಗೆ ನಿಲ್ಲಿಸಿ, "ಸಾಕೇನ್ರೀ?" ಎಂದು ಕೂಗಿದಳು. ನಾನು ಕಣ್ಣು ಮುಚ್ಚಿ ಇನ್ನೊಂದು ಏಟಿಗೆ ಕಾದೆ. ನಿದ್ದೆ ಹೋದೆನೆಂದುಕೊಂಡು ಅವಳು ಒಳಗೆ ಬಂದಳು. ಹಗ್ಗದ ಮೇಲಿದ್ದ ದುಪ್ಪಟಿ ಎಳೆದು ನನ್ನ ಮೇಲೆ ಹೊದಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ, ಮತ್ತೆ ಹೊಡೆಯತೊಡಗಿದಳು.